ನೆಗಡಿ ವಾಸಿಯಾಗಿ ಮೂರ್ನಾಲ್ಕು ವಾರಕ್ಕೆ ಮತ್ತೆ ಜ್ವರ, ಸಿಆರ್‌ಪಿ 100ರ ಮೇಲೆ: ಮಂಡ್ಯದ ಕಡೆ ಮೊದಲು ಯಾವುದನ್ನು ಯೋಚಿಸಬೇಕು?

ನಾಲೆ ಕೆಳಗಿನ ಪಿಎಚ್‌ಸಿ (ಮಂಡ್ಯ ಜಿಲ್ಲೆ)

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಬರುವ ಜ್ವರವೆಲ್ಲ ಡೆಂಗಿ, ಡೆಂಗಿ ಅಲ್ಲದಿದ್ದರೆ ಟೈಫಾಯ್ಡ್. ಈ ಎರಡು ಖಾನೆಗೂ ಸರಿಯಾಗಿ ಕೂರದ ಮಕ್ಕಳ ಬಗ್ಗೆ ಕೇಳಬೇಕಿತ್ತು. ಚರ್ಚೆಗೆ ಅನುಕೂಲವಾಗಲಿ ಅಂತ ಒಂದು ಮಾದರಿ ಕೇಸ್ ಕಟ್ಟಿದ್ದೇನೆ, ನಿಜವಾದ ಮಗುವಲ್ಲ.

7 ವರ್ಷ, 20 ಕೆಜಿ. ಮೂರೂವರೆ ವಾರದ ಹಿಂದೆ ಮನೆಮಂದಿಗೆಲ್ಲ ನೆಗಡಿ, ಕೆಮ್ಮು. ಮಗುವಿಗೂ ಎರಡು ದಿನ ಮೈ ಬಿಸಿಯಿದ್ದು ತಾನಾಗೇ ಹೋಯಿತು. ಈಗ 4 ದಿನದಿಂದ 102–103 ಡಿಗ್ರಿ ಜ್ವರ, ಹೊಟ್ಟೆನೋವು, ವಾಂತಿ, ನೀರುನೀರಾದ ಭೇದಿ. ಎರಡೂ ಕಣ್ಣು ಕೆಂಪು, ಗೀಜಿಲ್ಲ. ತುಟಿ ಒಡೆದು ಕೆಂಪಾಗಿದೆ. ಎದೆ, ಹೊಟ್ಟೆ ಮೇಲೆ ತೆಳುವಾದ ದದ್ದು. ನಾಡಿ 148, ಬಿಪಿ 86/44. ಬೆರಳು ಒತ್ತಿ ಬಿಟ್ಟರೆ ಕೆಂಪು ಮರಳಲು 4 ಸೆಕೆಂಡ್. ಬಿಳಿರಕ್ತಕಣ (ಟಿಸಿ) 14,200, ನ್ಯೂಟ್ರೋಫಿಲ್ 90%, ಲಿಂಫೋಸೈಟ್ 6%, ಪ್ಲೇಟ್‌ಲೆಟ್ 1.18 ಲಕ್ಷ, ಸಿಆರ್‌ಪಿ (ಉರಿಯೂತದ ಅಳತೆ) 112, ಸೋಡಿಯಂ 129. ಡೆಂಗಿ ಎನ್‌ಎಸ್1 ನೆಗೆಟಿವ್, ಟೈಫಾಯ್ಡ್‌ನ ವಿಡಾಲ್ ಟೆಸ್ಟ್ 1:80.

ಕೋವಿಡ್ ನಂತರದ ಎಂಐಎಸ್-ಸಿ (ಸೋಂಕು ಹೋದ ಮೇಲೆ ಮಕ್ಕಳ ಮೈಯೆಲ್ಲ ಏಳುವ ಉರಿಯೂತ) ಇದಿರಬಹುದೇ, ಅಥವಾ ಆ ಕಾಯಿಲೆಯ ಕಾಲ ಮುಗಿಯಿತೇ? ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರೆ ಉಪಯೋಗ ಉಂಟೇ? 108 ಬರುವ ಮುಂಚೆ ನಮ್ಮ ಮಟ್ಟದಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಮಕ್ಕಳ ವಾರ್ಡು, ಮೈಸೂರು

ಕಡೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಕಾಯಿಲೆಯ ಹೆಸರು ನಾಳೆ ಗೊತ್ತಾದರೂ ನಡೆಯುತ್ತೆ, ಈ ಮಗುವಿನ ರಕ್ತಚಲನೆ ನಾಳೆವರೆಗೆ ಕಾಯಲ್ಲ.

1ರಿಂದ 10 ವರ್ಷದ ಮಗುವಿಗೆ ಮೇಲಿನ ಬಿಪಿಯ ಕನಿಷ್ಠ ಮಿತಿ 70 + (ವಯಸ್ಸು × 2). ಏಳು ವರ್ಷಕ್ಕೆ 84. ನಿಮ್ಮ 86 ಕಾಗದದ ಮೇಲೆ ಪಾಸು, ಅಷ್ಟೇ. ಮಕ್ಕಳು ನಾಡಿ ಏರಿಸಿಕೊಂಡು, ಕೈಕಾಲಿನ ರಕ್ತನಾಳ ಬಿಗಿ ಮಾಡಿಕೊಂಡು ಬಿಪಿಯನ್ನು ಕೊನೆವರೆಗೂ ಹಿಡಿದಿರ್ತಾರೆ, ಆಮೇಲೆ ಒಂದೇ ಸಲ ಬೀಳ್ತಾರೆ. ಒಂದು ಡಿಗ್ರಿ ಸೆಲ್ಸಿಯಸ್ ಜ್ವರಕ್ಕೆ ನಾಡಿ ಸುಮಾರು 10 ಏರುತ್ತೆ ಅನ್ನೋ ಲೆಕ್ಕ ಹಾಕಿದರೂ 148ಕ್ಕೆ ಜ್ವರ ಒಂದೇ ಕಾರಣ ಅನ್ನೋಕಾಗಲ್ಲ. ಪ್ಯಾರಸಿಟಮಾಲ್ ಕೊಟ್ಟು ಜ್ವರ ಇಳಿದ ಮೇಲೂ ನಾಡಿ ಇಳಿಯದಿದ್ದರೆ ಹೃದಯದ ಮಾಂಸಖಂಡಕ್ಕೇ ಪೆಟ್ಟು ಬಿದ್ದಿದೆಯಾ ಅಂತ ಯೋಚಿಸಿ. ನಾಲ್ಕು ಸೆಕೆಂಡ್ ಅಂದ ಮೇಲಂತೂ ಇದು ಶಾಕ್‌ನ ಹೊಸ್ತಿಲು.

ಹಾಗಂತ ಬಾಟಲಿ ಮೇಲೆ ಬಾಟಲಿ ಡ್ರಿಪ್ ಸುರೀಬೇಡಿ. ಬರೀ ವಾಂತಿ-ಭೇದಿಯ ಮಗು 20 ಎಂಎಲ್/ಕೆಜಿಯನ್ನು ಸರಾಗವಾಗಿ ತಡೆದುಕೊಳ್ಳುತ್ತೆ. ಹೃದಯ ಸೋತಿರುವ ಮಗು ಅದೇ ನೀರಲ್ಲಿ ಮುಳುಗುತ್ತೆ. 10 ಎಂಎಲ್/ಕೆಜಿ, ಅಂದ್ರೆ ಈ ಮಗುವಿಗೆ 200 ಎಂಎಲ್ ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್, ಅರ್ಧ ಗಂಟೆಯಲ್ಲಿ. ಶುರು ಮಾಡೋ ಮುಂಚೆ ಲಿವರ್ ಅಂಚನ್ನು ಬೆರಳಲ್ಲಿ ಮುಟ್ಟಿ ಪೆನ್ನಿಂದ ಗೆರೆ ಎಳೀರಿ. ಮುಗಿದ ಮೇಲೆ ಮತ್ತೆ ಮುಟ್ಟಿ. ಲಿವರ್ ಗೆರೆ ದಾಟಿ ಕೆಳಗೆ ಬಂದಿದ್ದರೆ, ಉಸಿರು ಜೋರಾಗಿದ್ದರೆ, ಎದೆ ಬುಡದಲ್ಲಿ ಗೊರಗೊರ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಬೇಕಾಗಿರೋದು ಅಡ್ರಿನಲಿನ್ ಇನ್‌ಫ್ಯೂಷನ್. ಅದನ್ನು ಕೈಯಲ್ಲಿರುವ ಒಳ್ಳೇ ಲೈನಿನಲ್ಲೇ ಶುರು ಮಾಡಬಹುದು, ದೊಡ್ಡ ಲೈನ್ ಸಿಗಲಿ ಅಂತ ಕಾಯೋದು ಬೇಡ. ಗ್ಲೂಕೋಸ್ ಒಂದು ಹನಿ ನೋಡಿ. ಆಕ್ಸಿಜನ್ ಹಾಕಿ.

ಈಗ ಹೆಸರಿನ ವಿಷಯ. ಇಂಗ್ಲೆಂಡಿನ ವೈದ್ಯರು ಇಂಥ ಮಕ್ಕಳನ್ನು ಗುರುತಿಸಿದ್ದು 2020ರ ಏಪ್ರಿಲ್‌ನಲ್ಲಿ, ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಗಳ ಪಟ್ಟಿ ಕೊಟ್ಟಿತು. ಸೋಂಕಾಗಿ 2ರಿಂದ 6 ವಾರಕ್ಕೆ ಬರೋದೇ ಇದರ ಗುರುತು. ವೈರಸ್ ಹೋಗಿರುತ್ತೆ, ಅದನ್ನು ಓಡಿಸೋಕೆ ಎದ್ದ ಪಡೆ ಮನೆಗೆ ಮರಳಿರಲ್ಲ. ಓಮಿಕ್ರಾನ್ ಬಂದ ಮೇಲೆ ಬಹಳ ಕಮ್ಮಿಯಾಯಿತು ನಿಜ, ಆದರೆ ಕಾಯಿಲೆ ಪುಸ್ತಕ ಬಿಟ್ಟು ಹೋಗಿಲ್ಲ. ನಿಮ್ಮ ಮಾದರಿ ಮಗುವಿನಲ್ಲಿ ಹೊಟ್ಟೆ, ಕಣ್ಣು-ತುಟಿ-ಚರ್ಮ, ರಕ್ತಚಲನೆ ಮೂರೂ ಕೆಟ್ಟಿವೆ. ಒಟ್ಟು ಲಿಂಫೋಸೈಟ್ ಲೆಕ್ಕ ಹಾಕಿ: 14,200ರಲ್ಲಿ 6% ಅಂದ್ರೆ 852, ಸಾವಿರಕ್ಕಿಂತ ಕೆಳಗೆ. ಸೋಡಿಯಂ ಕೆಳಗೆ, ಪ್ಲೇಟ್‌ಲೆಟ್ ಕೆಳಗೆ. ಎಂಐಎಸ್-ಸಿಗೆ ಇದು ಒಪ್ಪುತ್ತೆ.

ಹುಲ್ಲುಪೊದೆಯ ಸಣ್ಣ ಹುಳು ಕಚ್ಚಿ ಬರೋ ಸ್ಕ್ರಬ್ ಟೈಫಸ್‌ಗೂ ಒಪ್ಪುತ್ತೆ, ನಮ್ಮ ಪೇಚು ಇರೋದು ಅಲ್ಲೇ. ಕಬ್ಬಿನ ಗದ್ದೆ, ಬದುವಿನ ಹುಲ್ಲು, ಬೇಲಿ ಸಾಲು ಇರೋ ಕಡೆ ಮಳೆ ನಂತರದ ಜ್ವರ ಅಂದ್ರೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿಸಿ ನೋಡಬೇಕು. ಕಂಕುಳು, ತೊಡೆಸಂದು, ಬೀಜದ ಚೀಲದ ಹಿಂಭಾಗ, ಕಿವಿ ಹಿಂದೆ, ಉಡುದಾರದ ಕೆಳಗೆ, ತಲೆಗೂದಲ ಒಳಗೆ. ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವೂ ಇರಲ್ಲ, ತುರಿಕೆಯೂ ಇರಲ್ಲ. ಅದಕ್ಕೇ ಮನೆಯವರು ಹೇಳಿರಲ್ಲ. ಹಕ್ಕಳೆ ಸಿಗಲಿಲ್ಲ ಅಂತ ಸ್ಕ್ರಬ್ ಅಲ್ಲ ಅನ್ನೋ ಹಾಗೂ ಇಲ್ಲ. ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯಾಟಿಕ್ ಅದಕ್ಕೆ ತಾಗಲ್ಲ. ಹಾಗಾಗಿ ಇಂಥ ಮಗುವಿಗೆ ರಕ್ತದ ಕಲ್ಚರ್ ತೆಗೆದುಕೊಂಡು ಸೆಫ್ಟ್ರಿಯಾಕ್ಸೋನ್ ಜೊತೆಗೇ ಡಾಕ್ಸಿಸೈಕ್ಲಿನ್ 2.2 ಎಂಜಿ/ಕೆಜಿ ದಿನಕ್ಕೆ ಎರಡು ಸಲ ಶುರು ಮಾಡಿಬಿಡೋದು ನನ್ನ ಪ್ರಕಾರ ಸರಿ. ಎಂಟು ವರ್ಷದ ಒಳಗೆ ಹಲ್ಲು ಕಲೆಯಾಗುತ್ತೆ ಅನ್ನೋ ಹಳೇ ಭಯ ಇಷ್ಟು ಚಿಕ್ಕ ಕೋರ್ಸಿಗೆ ಅನ್ವಯಿಸಲ್ಲ. ಸ್ಕ್ರಬ್ ಆಗಿದ್ದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಬಿಡುತ್ತೆ. ಬಿಡಲಿಲ್ಲ ಅಂದ್ರೆ ಅದೇ ಒಂದು ಉತ್ತರ.

ಮುಖ್ಯವಾಗಿ ಮಾಡಬಾರದ್ದು: ಕಳಿಸೋ ಮುಂಚೆ "ಜ್ವರ ಇಳೀಲಿ" ಅಂತ ಡೆಕ್ಸಾ (ಸ್ಟಿರಾಯ್ಡ್) ಹೊಡೆಯೋದು. ಜ್ವರ ಒಂದು ದಿನ ಮುಚ್ಚಿಹೋಗುತ್ತೆ, ನ್ಯೂಟ್ರೋಫಿಲ್ ಏರುತ್ತೆ, ಲಿಂಫೋಸೈಟ್ ಬೀಳುತ್ತೆ, ಮುಂದಿನವರು ಓದೋ ರಿಪೋರ್ಟೇ ಸುಳ್ಳಾಗುತ್ತೆ. ಒಳಗೆ ಲ್ಯುಕೇಮಿಯಾ ಅಡಗಿದ್ದರಂತೂ ಅದರ ಗುರುತೇ ಅಳಿಸಿಹೋಗುತ್ತೆ. ಡೆಂಗಿ ಪೂರ್ತಿ ತಳ್ಳಿಹಾಕೋವರೆಗೆ ಐಬುಪ್ರೊಫೇನ್ ಕೂಡ ಬೇಡ.

ಲ್ಯಾಬ್ ಮೇಜು

ಸಾರ್, ಸಿಆರ್‌ಪಿ 112 ಅಂತ ಬರೆದಿದ್ದೀರಿ, ಯೂನಿಟ್ ಬರೆದಿಲ್ಲ. ನಮ್ಮ ಲ್ಯಾಬ್‌ಗಳಲ್ಲಿ ಬಹುತೇಕ ಎಂಜಿ/ಲೀಟರ್. ಅಮೆರಿಕದ ಮಾರ್ಗಸೂಚಿಯಲ್ಲಿ ಎಂಜಿ/ಡೆಸಿಲೀಟರ್. 112 ಎಂಜಿ/ಲೀಟರ್ ಅಂದ್ರೆ 11.2 ಎಂಜಿ/ಡೆಸಿಲೀಟರ್. ಅವರ 2023ರ ಪರಿಷ್ಕೃತ ವ್ಯಾಖ್ಯೆಯಲ್ಲಿ ಗಡಿ 3 ಎಂಜಿ/ಡೆಸಿಲೀಟರ್, ನಮ್ಮ ಕಾಗದದ ಭಾಷೆಯಲ್ಲಿ 30. "ಮೂರು ದಾಟಿದೆ" ಅಂತ ಸಿಆರ್‌ಪಿ 4 ಇರೋ ಮಗುವನ್ನು ಗಾಬರಿಯಿಂದ ಕಳಿಸೋದೂ, 40 ಇರೋದನ್ನು ನಿರ್ಲಕ್ಷಿಸೋದೂ ಈ ಗೊಂದಲದಿಂದಲೇ. ರಕ್ತ ಹೆಪ್ಪುಗಟ್ಟೋದನ್ನು ತೋರಿಸೋ ಡಿ-ಡೈಮರ್‌ನದೂ ಇದೇ ಕಥೆ: ಎಫ್‌ಇಯು, ಡಿಡಿಯು ಅಂತ ಎರಡು ಲೆಕ್ಕ, ಮೊದಲನೆಯದು ಸುಮಾರು ಎರಡರಷ್ಟು ತೋರಿಸುತ್ತೆ. ಎರಡು ಲ್ಯಾಬ್‌ಗಳ ಸಂಖ್ಯೆ ಪಕ್ಕಪಕ್ಕ ಇಟ್ಟು "ಏರ್ತಾ ಇದೆ" ಅನ್ನಬೇಡಿ.

ವಿಡಾಲ್ 1:80 ನಮ್ಮ ಜನರಲ್ಲಿ ಏನನ್ನೂ ಹೇಳಲ್ಲ. ನಾಲ್ಕನೇ ದಿನದ ವಿಡಾಲ್ ಅಂತೂ ಕೇಳೋದೇ ಬೇಡ, ಟೈಫಾಯ್ಡ್ ಅನುಮಾನವಿದ್ದರೆ ಕಲ್ಚರ್. ಆ ಕಾಗದ ನೋಡಿ ಐದು ದಿನ ಇಂಜೆಕ್ಷನ್ ಹಾಕಿಸುವಷ್ಟರಲ್ಲಿ ಬೇರೆ ಕಾಯಿಲೆಗಳಿಗೆ ಇದ್ದ ಸಮಯ ಹೋಗಿರುತ್ತೆ.

ಡೆಂಗಿ ಎನ್‌ಎಸ್1 ಮೊದಲ ಐದು ದಿನದ ಟೆಸ್ಟು. ಒಂದು ನೆಗೆಟಿವ್ ಬಂತು ಅಂತ ಡೆಂಗಿ ಹೋಯಿತು ಅಂದುಕೊಳ್ಳೋ ಹಾಗಿಲ್ಲ, ಐದನೇ ದಿನದ ನಂತರ ಐಜಿಎಂ ಆ್ಯಂಟಿಬಾಡಿ ನೋಡಿ. ಆದರೆ ಐಜಿಎಂ ಎರಡು-ಮೂರು ತಿಂಗಳು ಉಳಿಯುತ್ತೆ, ಹಿಂದಿನ ಡೆಂಗಿಯ ನೆರಳು ಈ ಜ್ವರದ ಮೇಲೆ ಬೀಳಬಹುದು. ಹಿಮಾಟೋಕ್ರಿಟ್ (ರಕ್ತದ ಗಟ್ಟಿತನ) ಏರ್ತಾ ಪ್ಲೇಟ್‌ಲೆಟ್ ಇಳೀತಾ ಇದ್ದರೆ ಡೆಂಗಿ ಕಡೆ ವಾಲಿ. ಸಿಆರ್‌ಪಿ 112 ಸಾಮಾನ್ಯ ಡೆಂಗಿಯಲ್ಲಿ ಕಾಣೋ ಸಂಖ್ಯೆ ಅಲ್ಲ.

ಕೋವಿಡ್ ಆ್ಯಂಟಿಬಾಡಿ ವಿಷಯ. 2020ರಲ್ಲಿ ಪಾಸಿಟಿವ್ ಅಂದ್ರೆ ಇತ್ತೀಚೆಗೆ ಸೋಂಕಾಗಿದೆ ಅಂತ ಅರ್ಥ ಇತ್ತು. ಈಗ ಶಾಲೆಗೆ ಹೋಗೋ ಬಹುಪಾಲು ಮಕ್ಕಳಲ್ಲಿ ಹಳೇ ಸೋಂಕಿನದೇ ಇರುತ್ತೆ. ಪಾಸಿಟಿವ್ ಬಂದರೆ ಬಾಗಿಲು ತೆರೆದಿದೆ ಅಂತ ಮಾತ್ರ, ಕಾಯಿಲೆ ಒಳಗಿದೆ ಅಂತಲ್ಲ. ನೆಗೆಟಿವ್ ಬಂದರೆ ಅದಕ್ಕೇ ಹೆಚ್ಚು ಬೆಲೆ. ಮೂರೂವರೆ ವಾರದ ಹಿಂದಿನ ನೆಗಡಿಗೆ ಯಾರಾದರೂ ಟೆಸ್ಟ್ ಮಾಡಿಸಿದ್ದರೆ ಆ ಕಾಗದ ಇವತ್ತಿನ ಆ್ಯಂಟಿಬಾಡಿಗಿಂತ ಮೇಲು.

ದಯವಿಟ್ಟು ನೆನಪಿಡಿ: ಐವಿಐಜಿ (ಎಂಐಎಸ್-ಸಿಗೆ ರಕ್ತನಾಳಕ್ಕೆ ಹಾಕೋ ಆ್ಯಂಟಿಬಾಡಿ ಮದ್ದು) ಹಾಕೋ ಮುಂಚೆ ಎಲ್ಲ ಆ್ಯಂಟಿಬಾಡಿ ಟೆಸ್ಟಿಗೂ ರಕ್ತ ತೆಗೆದಿಡಿ, ಸ್ಕ್ರಬ್ ಐಜಿಎಂ ಸೇರಿ. ಒಂದು ಕೆಂಪು ಮುಚ್ಚಳದ ಟ್ಯೂಬ್ ಹೆಚ್ಚಿಗೆ ತೆಗೆದು ಸೀರಂ ಬೇರ್ಪಡಿಸಿ ಫ್ರೀಜರಿನಲ್ಲಿಟ್ಟರೆ ಸಾಕು. ಐವಿಐಜಿ ಸಾವಿರಾರು ದಾನಿಗಳ ಆ್ಯಂಟಿಬಾಡಿ. ಅದು ಒಳಗೆ ಹೋದ ಮೇಲೆ ನಾವು ಅಳೆಯೋದು ದಾನಿಗಳನ್ನೇ ಹೊರತು ಮಗುವನ್ನಲ್ಲ.

ನಾಲೆ ಕೆಳಗಿನ ಪಿಎಚ್‌ಸಿ (ಮಂಡ್ಯ ಜಿಲ್ಲೆ)

ಯೂನಿಟ್ ಎಂಜಿ/ಲೀಟರ್, ತಪ್ಪು ನನ್ನದು. ಇನ್ನೆರಡು ಪ್ರಶ್ನೆ. ಹೊಟ್ಟೆನೋವು ಬಲಗಡೆ ಕೆಳಗೆ ಇದ್ದರೆ ಅಪೆಂಡಿಕ್ಸ್ ಅಂತ ಸರ್ಜರಿಗೆ ಹೋಗುವ ಸಂಭವ ಇದೆಯಲ್ಲ? ಇನ್ನೊಂದು, ಎರಡು-ಮೂರು ವರ್ಷದ ಮಕ್ಕಳಲ್ಲಿ ಇದೇ ಕೆಂಪು ಕಣ್ಣು, ಕೆಂಪು ತುಟಿ ಇದ್ದು ಬಿಪಿ ಚೆನ್ನಾಗಿದ್ದರೆ?

ಮಕ್ಕಳ ವಾರ್ಡು, ಮೈಸೂರು

ಸಂಭವ ಇದೆ. ಎಂಐಎಸ್-ಸಿಯಲ್ಲಿ ಕರುಳಿನ ಕೊನೆಭಾಗ ಊದಿಕೊಂಡು, ಸುತ್ತಲ ಗಂಟುಗಳು ದಪ್ಪಗಾಗಿ, ಹೊಟ್ಟೆಯಲ್ಲಿ ಸ್ವಲ್ಪ ನೀರೂ ಸೇರಿ ಅಪೆಂಡಿಕ್ಸಿನ ವೇಷ ಹಾಕುತ್ತೆ. ಅಲ್ಟ್ರಾಸೌಂಡಿನಲ್ಲಿ ಅಪೆಂಡಿಕ್ಸ್ ಸಹಜವಾಗಿಯೇ ಕಂಡು, ಗಂಟುಗಳೇ ಮುಖ್ಯವಾಗಿದ್ದು, ಜೊತೆಗೆ ಕೆಂಪು ಕಣ್ಣೂ ದದ್ದೂ ಇದ್ದರೆ ಅರಿವಳಿಕೆ ಕೊಡೋ ಮುಂಚೆ ಎಕೋ (ಹೃದಯದ ಸ್ಕ್ಯಾನ್) ಆಗಲಿ. ಸೋತ ಹೃದಯಕ್ಕೆ ಅರಿವಳಿಕೆ ಕೊಡೋದು ಸಣ್ಣ ಮಾತಲ್ಲ.

ಎರಡನೇದು ಕವಾಸಾಕಿ, ಮಕ್ಕಳ ರಕ್ತನಾಳಗಳ ಉರಿಯೂತ. ಐದು ವರ್ಷದ ಒಳಗಿನವರಲ್ಲೇ ಜಾಸ್ತಿ. ಎಂಐಎಸ್-ಸಿ ಹೆಚ್ಚಾಗಿ ಎಂಟು-ಒಂಬತ್ತರ ಆಸುಪಾಸು. ಐದು ದಿನ ಜ್ವರದ ಜೊತೆ ಐದರಲ್ಲಿ ನಾಲ್ಕು: ಗೀಜಿಲ್ಲದ ಕೆಂಪು ಕಣ್ಣು, ಒಡೆದ ತುಟಿ ಅಥವಾ ಸ್ಟ್ರಾಬೆರಿ ನಾಲಗೆ, ದದ್ದು, ಅಂಗೈ-ಅಂಗಾಲು ಊದಿ ಕೆಂಪಾಗೋದು, ಕುತ್ತಿಗೆಯಲ್ಲಿ ಒಂದೂವರೆ ಸೆಂಟಿಮೀಟರ್ ಮೇಲ್ಪಟ್ಟ ಗಂಟು. ಬೆರಳ ತುದಿ ಸುಲಿಯೋದು ಎರಡು-ಮೂರನೇ ವಾರಕ್ಕೆ, ಅದಕ್ಕೆ ಕಾಯ್ತಾ ಕೂತರೆ ಕೆಟ್ಟಿರಿ. ನಮ್ಮಲ್ಲಿ ಇನ್ನೊಂದು ಸುಲಭದ ಗುರುತು ಇದೆ: ಎಡತೋಳಿನ ಬಿಸಿಜಿ ಗುರುತು ಮತ್ತೆ ಕೆಂಪಾಗಿ ಉಬ್ಬೋದು. ಅಂಗಿ ತೋಳು ಮೇಲೆತ್ತಿದರೆ ಆಯಿತು. ಒಂದು ವರ್ಷದೊಳಗಿನ ಕೂಸುಗಳು ಎಲ್ಲ ಲಕ್ಷಣ ತೋರಿಸಲ್ಲ, ಕಾರಣ ಕಾಣದ ಜ್ವರ ಏಳು ದಿನ ದಾಟಿದರೆ ಬೇರೆ ಗುರುತು ಇಲ್ಲದಿದ್ದರೂ ಸಿಆರ್‌ಪಿ, ಎಕೋ ಮಾಡಿಸಿ. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯದ ರಕ್ತನಾಳ ಊದಿಕೊಳ್ಳುತ್ತೆ. ಹತ್ತು ದಿನದೊಳಗೆ ಐವಿಐಜಿ ಸಿಕ್ಕರೆ ಆ ಅಪಾಯ ಬಹಳಷ್ಟು ಇಳಿಯುತ್ತೆ.

ಇಲ್ಲಿ ಊರಿನ ಮಾತೊಂದು. ಮೈಮೇಲೆ ದದ್ದು ಕಂಡ ಕೂಡಲೇ "ಅಮ್ಮ ಆಗಿದೆ" ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಿ, ಆಸ್ಪತ್ರೆ ಬೇಡ ಅನ್ನೋ ಮನೆಗಳಿವೆ. ಬೇವಿನಿಂದ ತೊಂದರೆ ಏನಿಲ್ಲ, ಕಳೆದುಹೋಗೋ ಐದು ದಿನದಿಂದ ತೊಂದರೆ. ಅವರ ಜೊತೆ ವಾದ ಮಾಡಬೇಡಿ. "ಅಮ್ಮನ ಗುಳ್ಳೆಯಲ್ಲಿ ನೀರು ತುಂಬಿರುತ್ತೆ, ಇದರಲ್ಲಿ ಇಲ್ಲ ನೋಡಿ" ಅಂತ ತೋರಿಸಿದರೆ ಅಜ್ಜಿಯೇ ಹೊರಡಿಸ್ತಾರೆ.

ಎಕೋ ರೂಮು

ಕಳಿಸೋ ಚೀಟಿಯಲ್ಲಿ ಬರೀ "ಎಕೋ" ಅಂತ ಬರೆದರೆ ಪಂಪಿಂಗ್ ನೋಡಿ "ಇಎಫ್ 60, ನಾರ್ಮಲ್" ಅಂತ ವಾಪಸ್ ಬರುತ್ತೆ (ಇಎಫ್ ಅಂದ್ರೆ ಹೃದಯ ಪಂಪ್ ಮಾಡೋ ಪ್ರಮಾಣ). "ಕೊರೋನರಿ ಅಳತೆ, ಝೆಡ್ ಸ್ಕೋರ್ ಸಮೇತ" ಅಂತ ಬರೀರಿ, ಮಗುವಿನ ಎತ್ತರ ಮತ್ತು ತೂಕ ಕೂಡ. ಕೊರೋನರಿ ಅಂದ್ರೆ ಹೃದಯದ ರಕ್ತನಾಳ, ಝೆಡ್ ಸ್ಕೋರ್ ಅಂದ್ರೆ ಮಗುವಿನ ಗಾತ್ರಕ್ಕೆ ಹೋಲಿಸಿದ ಅದರ ಅಳತೆ. ಅವೆರಡಿಲ್ಲದೆ ಝೆಡ್ ಸ್ಕೋರ್ ಹಾಕೋಕಾಗಲ್ಲ. 3 ಮಿಲಿಮೀಟರ್ ಅನ್ನೋ ನಾಳ ಹನ್ನೆರಡು ವರ್ಷದವನಿಗೆ ಸರಿ, ಒಂದು ವರ್ಷದ ಕೂಸಿಗೆ ದೊಡ್ಡದು. ಝೆಡ್ ಸ್ಕೋರ್ 2.5ರಿಂದ ಮೇಲೆ ಅನ್ಯೂರಿಸಂ (ನಾಳದ ಉಬ್ಬು), 10 ಮುಟ್ಟಿದರೆ ದೈತ್ಯ ಅನ್ಯೂರಿಸಂ, ಆಗ ರಕ್ತ ತೆಳುಮಾಡೋ ಔಷಧ ಬೇರೆ ಮಟ್ಟದ್ದು. ಅಳುವ ಮಗುವಿನಲ್ಲಿ ಕೊರೋನರಿ ಹಿಡಿಯೋದು ಕಷ್ಟ, ಹಾಲು ಕುಡಿಸಿ ಮಲಗಿಸಿಕೊಂಡು ಬನ್ನಿ.

ಮೊದಲ ಎಕೋ ನಾರ್ಮಲ್ ಬಂದರೆ ಮುಗೀಲಿಲ್ಲ. 1–2 ವಾರಕ್ಕೊಂದು, 4–6 ವಾರಕ್ಕೊಂದು. ಮೈಸೂರಿನಲ್ಲಿ ಕೆಆರ್‌ಎಸ್ ರಸ್ತೆಯ ಜಯದೇವ ಇದೆ, ಸ್ಥಿರವಾಗಿರೋ ಮಗುವಿನ ಮುಂದಿನ ಎಕೋಗಳಿಗೆ ಅದು ಸರಿ. ಶಾಕ್‌ನಲ್ಲಿರೋ ಮಗುವನ್ನು ಬರೀ ಎಕೋಗಾಗಿ ಊರೆಲ್ಲ ಸುತ್ತಿಸಬೇಡಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಚೆಲುವಾಂಬ ಆಗಲಿ, ಮೊದಲೇ ಫೋನ್ ಮಾಡಿ ಮಕ್ಕಳ ಐಸಿಯು ಹಾಸಿಗೆ ಇದೆಯಾ ಕೇಳಿಕೊಂಡೇ 108 ಹೊರಡಲಿ. ಮಂಡ್ಯ-ಮೈಸೂರು ನಡುವಿನ 45 ಕಿಲೋಮೀಟರನ್ನು ಎರಡು ಸಲ ಓಡಿಸೋ ಹಾಗಾಗಬಾರದು.

ನೈಟ್ ಡ್ಯೂಟಿ ಸಿಸ್ಟರ್

ಐವಿಐಜಿ ಲೆಕ್ಕ ಬರೆಯೋರು ಕಮ್ಮಿ, ನಾನು ಬರೀತೀನಿ. ಡೋಸ್ 2 ಗ್ರಾಂ/ಕೆಜಿ. ಈ ಮಗುವಿಗೆ 40 ಗ್ರಾಂ, 5 ಗ್ರಾಂ ಬಾಟಲಿಯಾದರೆ ಎಂಟು. 5% ಆದರೆ ಒಟ್ಟು 800 ಎಂಎಲ್, 10% ಆದರೆ 400 ಎಂಎಲ್. ಹೃದಯ ಸೋತ ಮಗುವಿಗೆ ಈ ವ್ಯತ್ಯಾಸವೇ ಜೀವ. ಅದಕ್ಕೇ ಇಂಡೆಂಟ್ ಬರೆಯೋವಾಗ 10% ಇದೆಯಾ ಕೇಳಿ. ಇಎಫ್ ಚೆನ್ನಾಗಿದ್ದರೆ 10–12 ಗಂಟೆಯಲ್ಲಿ ಮುಗಿಸ್ತಾರೆ, ಇಲ್ಲದಿದ್ದರೆ 24 ಗಂಟೆವರೆಗೂ ಎಳೀತಾರೆ.

ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ತಣುವು ಬಿಡಿಸಿ, ಬಿಸಿನೀರಲ್ಲಿ ಇಡಬೇಡಿ. ಕುಲುಕಬಾರದು, ನೊರೆ ಬರುತ್ತೆ. ಬೇರೆ ಔಷಧದ ಲೈನಿಗೆ ಸೇರಿಸಬಾರದು. ಶುರುವಿಗೆ 0.5 ಎಂಎಲ್/ಕೆಜಿ/ಗಂಟೆ, ಅರ್ಧ ಗಂಟೆ ಆದ ಮೇಲೆ ಹಂತಹಂತವಾಗಿ ಏರಿಸಿ. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಜ್ವರ. ನಡುಕ ಬಂದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಬಹಳ ಸಲ ವೇಗ ಇಳಿಸಿದರೆ ಸಾಕಾಗುತ್ತೆ. ಪ್ರತಿ ಬಾಟಲಿಯ ಬ್ಯಾಚ್ ನಂಬರ್ ಕೇಸ್ ಶೀಟಿಗೆ ಅಂಟಿಸಿ. ಮುಗಿದ ಮಾರನೇ ದಿನ ಜೋರು ತಲೆನೋವು, ಮೂತ್ರ ಕಪ್ಪಗೆ ಬರೋದು, ಎರಡನ್ನೂ ಕೇಳಿ ತಿಳ್ಕೊಳ್ಳಿ. ಇನ್‌ಫ್ಯೂಷನ್ ಮುಗಿದು 36 ಗಂಟೆ ಆದ ಮೇಲೂ ಜ್ವರ ಇದ್ದರೆ ಮೊದಲ ಮದ್ದಿಗೆ ಬಗ್ಗಿಲ್ಲ ಅಂತ ಲೆಕ್ಕ. ಐವಿಐಜಿ ಆದ ಮೇಲೆ ಇಎಸ್‌ಆರ್ (ರಕ್ತಕಣ ತಳಕ್ಕಿಳಿಯೋ ವೇಗ) ನೋಡಿ ಹೆದರಬೇಡಿ, ಅದು ಔಷಧದಿಂದಲೇ ಏರಿರುತ್ತೆ. ಸಿಆರ್‌ಪಿ ನೋಡಿ.

ಮಕ್ಕಳ ವಾರ್ಡು, ಮೈಸೂರು

ಸಿಸ್ಟರ್ ಹೇಳಿದ್ದಕ್ಕೆ ಸೇರಿಸೋದು: ಎಂಐಎಸ್-ಸಿಯಲ್ಲಿ ಐವಿಐಜಿ ಜೊತೆಗೇ ಮಿಥೈಲ್‌ಪ್ರೆಡ್ನಿಸೊಲೋನ್ 1–2 ಎಂಜಿ/ಕೆಜಿ/ದಿನ ಶುರು ಮಾಡೋದು ರೂಢಿ. ಐವಿಐಜಿ ಸಿಗಲೇ ಇಲ್ಲ ಅಂದ್ರೆ ಸ್ಟಿರಾಯ್ಡ್ ಒಂದರಲ್ಲೇ ನಡೆಸಬಹುದು, ಬರೀಗೈಲಿ ಕೂರಬೇಡಿ. ಆದರೆ ಕವಾಸಾಕಿ ಲಕ್ಷಣ ತುಂಬಿದ ಮಗುವಿಗೆ ಐವಿಐಜಿ ಬೇಕೇ ಬೇಕು, ಅದಕ್ಕೆ ಬದಲಿ ಇಲ್ಲ.

ಮತ್ತೆ ಇಎಸ್‌ಆರ್ ಮಾತು ಬಂತಲ್ಲ. ಔಷಧ ಹಾಕೋ ಮುಂಚೆಯೇ ಸಿಆರ್‌ಪಿ, ಫೆರಿಟಿನ್ (ಉರಿಯೂತದಲ್ಲಿ ಏರೋ ಪ್ರೋಟೀನ್) ಏರ್ತಾ ಇಎಸ್‌ಆರ್ ಮಾತ್ರ ಇಳೀತಾ ಹೋದರೆ ಖುಷಿಪಡಬೇಡಿ. ರಕ್ತ ಹೆಪ್ಪುಗಟ್ಟಿಸೋ ಫೈಬ್ರಿನೋಜನ್ ಖಾಲಿಯಾಗ್ತಾ ಇದೆ ಅಂತ ಅರ್ಥ, ಎಚ್‌ಎಲ್‌ಎಚ್ (ರಕ್ಷಣಾ ಕಣಗಳು ಮೈಯ ರಕ್ತಕಣಗಳನ್ನೇ ತಿನ್ನೋ ಸ್ಥಿತಿ) ಕಡೆ ಹೊರಳ್ತಾ ಇದೆ. ಗುಲ್ಮ ಕೈಗೆ ಸಿಗುತ್ತಾ, ಹಿಮೋಗ್ಲೋಬಿನ್ 9ರ ಕೆಳಗೆ ಇಳೀತಾ, ಪ್ಲೇಟ್‌ಲೆಟ್ ಲಕ್ಷದ ಕೆಳಗಾ, ಟ್ರೈಗ್ಲಿಸರೈಡ್ 265 ದಾಟಿತಾ, ಫೈಬ್ರಿನೋಜನ್ 150ರ ಕೆಳಗಾ ನೋಡಿ. ಫೆರಿಟಿನ್ 500ರ ಗೆರೆಯನ್ನು ಎಂಥೆಂಥದೋ ಜ್ವರ ದಾಟುತ್ತೆ. 10,000 ದಾಟಿದರೆ ಆ ರಾತ್ರಿಯೇ ರಕ್ತರೋಗ ತಜ್ಞರಿಗೆ ಫೋನ್ ಮಾಡಿ. ಡೆಂಗಿ, ಸ್ಕ್ರಬ್, ಇಬಿವಿ ವೈರಸ್ ಮೂರೂ ಇದನ್ನು ಹೊತ್ತಿಸಬಲ್ಲವು.

ಲ್ಯಾಬ್ ಮೇಜು

ಫೆರಿಟಿನ್ ರಿಪೋರ್ಟಿನಲ್ಲಿ "2000ಕ್ಕಿಂತ ಹೆಚ್ಚು" ಅಂತ ಬಂದರೆ ಅದು ಮೆಷಿನ್‌ನ ಮಿತಿ. ಡೈಲ್ಯೂಟ್ ಮಾಡಿ ನಿಜವಾದ ಸಂಖ್ಯೆ ಕೊಡಿ ಅಂತ ಕೇಳಿ, ಕೇಳದೇ ಯಾರೂ ಮಾಡಲ್ಲ.

ಔಷಧದ ಕಿಟಕಿ

ಮನೆಗೆ ಕಳಿಸೋವಾಗ ಆಗೋ ಎಡವಟ್ಟುಗಳು. ಪ್ರೆಡ್ನಿಸೊಲೋನ್ ಸಿರಪ್ 5 ಎಂಎಲ್‌ಗೆ 5 ಎಂಜಿ ಇರೋದೂ ಸಿಗುತ್ತೆ, 15 ಎಂಜಿ ಇರೋದೂ ಸಿಗುತ್ತೆ. ಚೀಟಿಯಲ್ಲಿ ಬರೀ "5 ಎಂಎಲ್" ಅಂದ್ರೆ ಮಂಡ್ಯದಲ್ಲಿ ಕೊಂಡ ಬಾಟಲಿಗೂ ಊರಿನ ಅಂಗಡಿಯ ಬಾಟಲಿಗೂ ಮೂರು ಪಟ್ಟು ವ್ಯತ್ಯಾಸ ಬರಬಹುದು. ಎಂಜಿ ಬರೀರಿ, ಪಕ್ಕದಲ್ಲಿ ಎಂಎಲ್ ಬರೀರಿ. ಸ್ಟಿರಾಯ್ಡ್ ಎರಡು-ಮೂರು ವಾರದಲ್ಲಿ ಇಳಿಸಿಕೊಂಡು ಬರಬೇಕು. ಯಾವ ತಾರೀಖಿಂದ ಎಷ್ಟು ಅಂತ ಕ್ಯಾಲೆಂಡರ್ ಹಾಗೆ ಬರೆದುಕೊಟ್ಟರೆ ಜನ ತಪ್ಪಲ್ಲ, "ಕ್ರಮೇಣ ನಿಲ್ಲಿಸಿ" ಅಂದ್ರೆ ತಪ್ಪುತ್ತಾರೆ.

ಆಸ್ಪಿರಿನ್ 3–5 ಎಂಜಿ/ಕೆಜಿ ದಿನಕ್ಕೊಮ್ಮೆ, ಕೊರೋನರಿ ಸರಿ ಇದ್ದರೆ ಸಾಮಾನ್ಯವಾಗಿ 4–6 ವಾರದ ಎಕೋವರೆಗೆ. 20 ಕೆಜಿಗೆ 60–100 ಎಂಜಿ, 75ರ ಒಂದು ಮಾತ್ರೆ ಸರಿಹೋಗುತ್ತೆ. ಪ್ಲೇಟ್‌ಲೆಟ್ 80,000ದ ಕೆಳಗಿದ್ದರೆ ಆಸ್ಪಿರಿನ್ ಕೊಡಲ್ಲ, ಕೊಡೋ ಮುಂಚೆ ಆ ದಿನದ ರಿಪೋರ್ಟ್ ನೋಡಿ. ಅದರ ಜೊತೆ ಐಬುಪ್ರೊಫೇನ್ ಬೇಡ, ಆಸ್ಪಿರಿನ್ ಕೆಲಸವನ್ನೇ ಅದು ತಡೆಯುತ್ತೆ. ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ "ಅಮ್ಮ" ಅಥವಾ ಫ್ಲೂ ಬಂದಿದೆ ಅಂದ್ರೆ ಅದೇ ದಿನ ಡಾಕ್ಟರಿಗೆ ಫೋನ್. ಆಸ್ಪಿರಿನ್ ತಗೊಳ್ಳೋ ಮಗುವಿಗೆ ಇವು ತಗುಲಿದರೆ ಬರಬಹುದಾದ ರೈ ಸಿಂಡ್ರೋಮ್ ಅಪರೂಪ, ಆದರೆ ಬಂದರೆ ಲಿವರ್, ಮಿದುಳು ಎರಡನ್ನೂ ಕೆಡಿಸುತ್ತೆ. ಹೃದಯಕ್ಕೆ ಪೆಟ್ಟು ಬಿದ್ದಿದ್ದ ಮಗುವಿಗೆ 3ರಿಂದ 6 ತಿಂಗಳು ಓಟ, ಕಬಡ್ಡಿ, ಈಜು ಇಲ್ಲ. ಶಾಲೆಗೆ ಪಿಟಿ ಮೇಷ್ಟ್ರ ಹೆಸರಿಗೇ ಚೀಟಿ ಕೊಡಿ.

ನಾಲೆ ಕೆಳಗಿನ ಪಿಎಚ್‌ಸಿ (ಮಂಡ್ಯ ಜಿಲ್ಲೆ)

ಕೊನೇದು. ಒಂದೂವರೆ ವರ್ಷದ ಮಗು ಐವಿಐಜಿ ತಗೊಂಡು ಬಂದು, ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಎರಡನೇ ಡೋಸಿಗೆ ಆಶಾ ಕಾರ್ಯಕರ್ತೆ ಕರ್ಕೊಂಡು ಬಂದರೆ?

ಮಕ್ಕಳ ವಾರ್ಡು, ಮೈಸೂರು

2 ಗ್ರಾಂ/ಕೆಜಿ ಆದ ದಿನದಿಂದ 11 ತಿಂಗಳು ಬಿಟ್ಟು. ದಾನಿಗಳ ಆ್ಯಂಟಿಬಾಡಿ ಲಸಿಕೆಯ ವೈರಸ್ಸನ್ನು ಹಿಡಿದುಬಿಡುತ್ತೆ, ಚುಚ್ಚಿದ್ದು ದಂಡ. ಸೀತಾಳ ಸಿಡುಬಿನ ಲಸಿಕೆಗೂ ಇದೇ ಲೆಕ್ಕ. ಊರಲ್ಲಿ ದಡಾರ ಎದ್ದರೆ ಕಾಯದೆ ಹಾಕಿ, 11 ತಿಂಗಳಾದ ಮೇಲೆ ಮತ್ತೊಮ್ಮೆ ಹಾಕಿ. ಪೋಲಿಯೋ ಹನಿಗೆ, ಡಿಪಿಟಿಗೆ ತಡೆ ಇಲ್ಲ. ಸ್ಟಿರಾಯ್ಡ್ ಇನ್ನೂ ನಡೀತಾ ಇದ್ದರೆ ಹನಿ ಹಾಕೋ ಮುಂಚೆ ಒಂದು ಮಾತು ಕೇಳಿ. ತಾಯಿ ಕಾರ್ಡಿನಲ್ಲಿ ಎಂಆರ್ ಖಾನೆ ಪಕ್ಕದಲ್ಲೇ ಐವಿಐಜಿ ಹಾಕಿದ ತಾರೀಖು, ಎಂಆರ್ ಹಾಕಬೇಕಾದ ತಾರೀಖು ಎರಡನ್ನೂ ಕೆಂಪು ಪೆನ್ನಲ್ಲಿ ಬರೀರಿ. ಡಿಸ್‌ಚಾರ್ಜ್ ಕಾಗದ ಬೀರುವಿನಲ್ಲೇ ಉಳಿಯುತ್ತೆ, ಆಶಾ ಕೈಗೆ ಬರೋದು ಆ ಕಾರ್ಡು ಮಾತ್ರ.